ಅಪ್ಪನ ಪಾಲಿನ ಹಾಲು

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ ಎಮ್ಮೆಯದಾಗಿತ್ತು. ಕಲ್ಯಾಣದ ಕೋಟೆಯ ಕೆಳಗಿನ ಓಣಿಯಲ್ಲಿ ಕಲ್ಲಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆ ನಮ್ಮದು. ತಲೆಬಾಗಿಲು ದಾಟಿದರೆ ಮೊದಲು ಎಮ್ಮೆ, ಆಮೇಲೆ ಪಡಸಾಲೆ, ಅದರಾಚೆ ಕತ್ತಲು ಕವಿದ ಅಡುಗೆಮನೆ. ಗಾಳಿಯೂ ಬೆಳಕೂ ಎಮ್ಮೆಯನ್ನು ದಾಟಿಯೇ ನಮ್ಮ ಹತ್ತಿರ ಬರಬೇಕು. ಬೇಸಿಗೆಯಲ್ಲಿ ಅದರ ಮೈಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದರು, ಚಳಿಗಾಲದಲ್ಲಿ ಒಣ ಗೋಣಿಚೀಲ. ನನಗೆ ಎರಡೂ ಕಾಲಕ್ಕೆ ಉಡಲು ಒಂದೇ ಪರಕಾರ. ಎಮ್ಮೆಗೆ ಇಷ್ಟು ಮರ್ಯಾದೆ ಯಾಕೆಂದರೆ ಅದರ ಹಾಲೆಲ್ಲ ಅಪ್ಪನದು. ಹಾಗಂತ ಅಪ್ಪ ಮನೆಯಲ್ಲಿರಲಿಲ್ಲ. ಅವನು ಹುಮನಾಬಾದಿನಲ್ಲಿದ್ದ. ಅವ್ವ ಹಾಲು ಕಾಯಿಸಿ, ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಸಿ, ತುಪ್ಪವನ್ನು ಗಡಿಗೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿಡುತ್ತಿದ್ದಳು. ಸಂತೆಗೆ ಹೋಗುವ ಖಾಸಿಂ ಕಾಕಾ ತನ್ನ ಎತ್ತಿನ ಗಾಡಿಯಲ್ಲಿ ಅದನ್ನು ಹುಮನಾಬಾದಿಗೆ ಮುಟ್ಟಿಸಿ, ಹಿಂದಿನ ವಾರದ ಬರಿದಾದ ಗಡಿಗೆಯನ್ನು ತಿರುಗಿ ತರುತ್ತಿದ್ದ. ನನ್ನ ಪಾಲಿಗೆ ಬರುತ್ತಿದ್ದುದು ಮಜ್ಜಿಗೆ, ಜೋಳದ ರೊಟ್ಟಿ, ಪುಂಡಿಪಲ್ಲೆ. ಹಾಲು ಬೇಕೆಂದು ಅತ್ತ ನೆನಪೂ ನನಗಿಲ್ಲ. ಹಾಲೆಂಬುದು ಅಪ್ಪನದು ಎಂದು ನಾನು ಮಾತು ಕಲಿಯುವ ಮೊದಲೇ ಕಲಿತಿದ್ದೆ.

ಅಪ್ಪ ಪೈಲ್ವಾನ. ಮಾಣಿಕಪ್ಪ ಪೈಲ್ವಾನ ಎಂದರೆ ಆ ಸೀಮೆಯಲ್ಲಿ ಎತ್ತಿಗೆ ನೀರು ಕುಡಿಸುವವರೂ ನಿಂತು ಮಾತಾಡುತ್ತಿದ್ದರಂತೆ. ಹುಮನಾಬಾದಿನ ಒಬ್ಬ ದೇಶಮುಖರು ಅವನನ್ನು ತಮ್ಮ ಗರಡಿಯಲ್ಲಿ, ನಮ್ಮ ಕಡೆಯ ಮಾತಿನ ತಾಲೀಮಿನಲ್ಲಿ, ಇಟ್ಟುಕೊಂಡಿದ್ದರು. ನಿಜಾಮರ ಕಾಲದ ದೊಡ್ಡ ಮನೆತನದವರು ಕುದುರೆ ಸಾಕುವ ಹಾಗೆ ಪೈಲ್ವಾನರನ್ನೂ ಸಾಕುತ್ತಿದ್ದರು. ಅವರ ರುಮಾಲು ತಲೆಗೆ ಕಟ್ಟಿಸಿಕೊಂಡರೆ ಅವರ ಹೆಸರಿನಲ್ಲೇ ಕುಸ್ತಿ, ಅವರು ಹೇಳಿದವನ ಜೊತೆಗೇ ಜೋಡಿ. ಅಲ್ಲಿ ಕುಸ್ತಿ ಕಲಿಸುವ ವಸ್ತಾದರ ಕಟ್ಟಳೆ ಬಲು ಬಿಗಿ. ರುಮಾಲು ತಲೆಯ ಮೇಲಿರುವವರೆಗೆ ಪೈಲ್ವಾನ ತಾಲೀಮಿನ ಮಣ್ಣಿನಲ್ಲೇ ಮಲಗಬೇಕು. ಹೆಂಡತಿ ಮಕ್ಕಳ ಮುಖ ನೋಡಬೇಕೆನಿಸಿದರೆ ಹಬ್ಬದ ದಿನ ಹಗಲು ಹೋಗಿ ಹಗಲೇ ಬರಬೇಕು. ನಾನು ಹುಟ್ಟಿದ್ದು ಅಪ್ಪ ಹನುಮಂತದೇವರ ಮುಂದೆ ಹೆಂಡತಿಯಿಂದ ದೂರವಿರುವ ಲಂಗೋಟಿನ ಆಣೆ ಇಡುವ ಮೊದಲು. ಆಮೇಲೆ ನಮ್ಮ ಮನೆಯಲ್ಲಿ ಎಮ್ಮೆಯೊಂದೇ ಈಯಿತು.

ಹೀಗಾಗಿ ಮನೆಯಲ್ಲಿ ಮೂರೇ ಜನ ಹೆಣ್ಣುಮಕ್ಕಳು. ಅವ್ವ, ನಾನು, ಮತ್ತೆ ಅಪ್ಪನ ತಾಯಿ. ಆಕೆಯನ್ನು ನಾನು ಆಯಿ ಎನ್ನುತ್ತಿದ್ದೆ. ಆಡಲು ಅಣ್ಣ ತಮ್ಮ ಇಲ್ಲ, ಜಗಳಕ್ಕೆ ಅಕ್ಕ ತಂಗಿ ಇಲ್ಲ. ಪಕ್ಕದ ಮನೆಯ ಗಂಡಸು ಸಂಜೆ ಹೊಲದಿಂದ ಬಂದವನೇ ಮಕ್ಕಳಿಗೆ ಬೈಯುತ್ತಿದ್ದ, ನೀರು ತಾ, ಬಿಸಿ ಇಲ್ಲ, ಉಪ್ಪು ಹೆಚ್ಚು ಎಂದು ಒದರುತ್ತಿದ್ದ. ನಾನು ನಡುಗೋಡೆಗೆ ಕಿವಿ ಹಚ್ಚಿ ಆ ಬೈಗುಳ ಕೇಳುತ್ತಾ ಕೂತಿರುತ್ತಿದ್ದೆ. ಅವರ ಮನೆಯ ಹುಡುಗಿಯರಿಗೆ ಬೀಳುವ ಏಟಿನ ಮೇಲೂ ನನಗೆ ಹೊಟ್ಟೆಕಿಚ್ಚು. ಏಟು ಬೀಳಬೇಕಾದರೆ ಅಪ್ಪ ಕೈಯಳತೆಯಲ್ಲಿ ಇರಬೇಕಲ್ಲ! ಇವತ್ತಿಗೂ ನಾನು ಕೂತಲ್ಲೇ ಹತ್ತು ಮನೆಯ ಸಪ್ಪಳ ಗುರುತಿಸುತ್ತೇನೆ. ಮೊಮ್ಮಕ್ಕಳು ಅಜ್ಜಿಗೆ ಪಾತಾಳದ ಕಿವಿ ಎನ್ನುತ್ತಾರೆ. ಅದು ಆ ಗೋಡೆಯ ಹತ್ತಿರ ಬಂದ ವಿದ್ಯೆ.

ವರ್ಷಕ್ಕೆ ಒಂದೆರಡು ಸಲ, ಎಳ್ಳಮಾಸಿಗೋ ದೀಪಾವಳಿಗೋ ಅಪ್ಪ ಬರುತ್ತಿದ್ದ. ಬಾಗಿಲಿಗೆ ಅಡ್ಡ ತಿರುಗಿ ಒಳಗೆ ಕಾಲಿಡಬೇಕು, ಅಷ್ಟು ಅಗಲ ಎದೆ. ಕಿವಿಗಳು ಮುದುಡಿ ಒಣಗಿದ ಅಂಜೂರದ ಹಾಗಿದ್ದವು. ಅವ್ವ ಬೆಳಗಿನಿಂದ ಮಾಡಿದ್ದನ್ನೆಲ್ಲ ಬಡಿಸಿ ಬಾಗಿಲ ಮರೆಗೆ ಸರಿಯುತ್ತಿದ್ದಳು. ಅವನು ಪಡಸಾಲೆಯಲ್ಲಿ ಒಬ್ಬನೇ ಕೂತು ಉಣ್ಣುವುದು, ಆಯಿ ಎದುರಿಗೆ ಕೂತು ಬೀಸಣಿಗೆ ಬೀಸುವುದು, ಓಣಿಯ ಗಂಡಸರು ಒಬ್ಬೊಬ್ಬರಾಗಿ ಬಂದು ಅವನ ತೋಳು ಒತ್ತಿ ನೋಡಿ ಶಾಬಾಸ್ ಎನ್ನುವುದು. ಊರೆಲ್ಲ ಮುಟ್ಟಿ ನೋಡುವ ತೋಳು ಅದು. ನಾನು ಮಾತ್ರ ಕಂಬದ ಹಿಂದೆ. ಹೊರಡುವ ಹೊತ್ತಿಗೆ ಅವನಿಗೆ ನನ್ನ ನೆನಪಾಗುತ್ತಿತ್ತು.

"ಏ ಕಾಶಿ, ಎಮ್ಮಿ ಹ್ಯಾಂಗದ?"

"ಛಲೋ ಅದರೀ."

"ಹತ್ತಿಕಾಳು ಇಡಾಕತ್ತೀರಿಲ್ಲೊ?"

"ಇಡಾಕತ್ತೀವ್ರಿ."

ಅಪ್ಪನ ಜೊತೆ ನನ್ನ ಮಾತುಕತೆ ಇಷ್ಟೇ. ಎಮ್ಮೆಗೆ ಮಾತು ಬರುತ್ತಿದ್ದರೆ ಇಷ್ಟೂ ಇರುತ್ತಿರಲಿಲ್ಲ.

ಮನೆಯಲ್ಲಿ ಜಗಳವೆಂದರೆ ಆಯಿ ಮತ್ತು ಅವ್ವನದು, ಅದೂ ಅಪ್ಪನ ಮೇಲೆಯೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆಯಿಯ ಮಗನಂತೂ ಹೆಗ್ಗಣವೂ ಅಲ್ಲ, ಹುಲಿ. ಆಕೆ ಜೋಳ ಹಸನು ಮಾಡುತ್ತ ತನ್ನ ಮಗ ಯಾವ ಊರಲ್ಲಿ ಯಾರನ್ನು ಚಿತ್ ಮಾಡಿದ ಎಂದು ಕಲ್ಲು ಹೆಕ್ಕಿದ ಹಾಗೆ ಒಂದೊಂದೇ ಹೇಳುತ್ತಿದ್ದಳು. ಒಲೆಯ ಮುಂದಿನಿಂದ ಅವ್ವ ತಿರುಗಿ ನೋಡದೆ ಅನ್ನುತ್ತಿದ್ದಳು:

"ಊರಿಗುಪಕಾರಿ, ಮನಿಗಿ ಮಾರಿ. ಮಾಳಗಿ ಸೋರಾಕತ್ತಿ ಎರಡು ಮಳಿಗಾಲ ಆತು. ಮಣ್ಣು ಹಾಕಾಕ ನಾ ಏರಬೇಕು. ಊರಾಗೆಲ್ಲ ಪೈಲ್ವಾನರ ಹೆಂಡ್ತಿ ಅಂತಾರ ನನಗ!"

"ಮಾರಿ ಗೀರಿ ಅನಬ್ಯಾಡ ನನ್ನ ಮಗಗ. ಆ ಹೆಸರಿನ ಮ್ಯಾಲೇ ಮಂದಿ ನಿನಗ ದಾರಿ ಬಿಡ್ತಾರ."

"ದಾರಿ ಬಿಟ್ರ ಹೋಗೂದರ ಎಲ್ಲಿಗಿ ಆಯಿ, ಬಾವಿಗಿ?"

ಆಮೇಲೆ ಆಯಿ ಮತ್ತೆ ಜೋಳಕ್ಕೆ, ಅವ್ವ ಮತ್ತೆ ಒಲೆಗೆ ತಿರುಗುತ್ತಿದ್ದರು. ತಲೆಬಾಗಿಲಿನ ಹತ್ತಿರ ಎಮ್ಮೆ ಮೆಲುಕು ಹಾಕುವುದು ಕೇಳುತ್ತಿತ್ತು. ಅವ್ವನ ತವರು ಘಾಟಬೋರಾಳ. ಅಲ್ಲಿಂದ ಹುಮನಾಬಾದು ಹತ್ತಿರ, ಆದರೂ ತವರಿಗೆ ಹೋದಾಗ ಗಂಡನನ್ನು ನೋಡಿ ಬರುವ ಹಾಗಿಲ್ಲ. ತಾಲೀಮಿನ ಓಣಿಗೆ ಹೆಂಗಸರು ಕಾಲಿಡುವುದಿಲ್ಲ. ಇದೆಲ್ಲ ನನಗೆ ಆಗ ಹೊಳೆಯುತ್ತಿರಲಿಲ್ಲ. ಒಂಟಿಯಾಗಿದ್ದವಳು ನಾನೊಬ್ಬಳೇ ಎಂದು ತಿಳಿದಿದ್ದೆ.

ಒಂದು ಎಳ್ಳಮಾಸಿಗೆ ಅಪ್ಪ ಬಂದಾಗ ಅವ್ವ ಬಾಗಿಲ ಮರೆಗೆ ಸರಿಯಲಿಲ್ಲ. ಕಾಳು ಸೊಪ್ಪಿನ ಭಜ್ಜಿ ಬಡಿಸಿದ ಸೌಟು ಹಿಡಿದೇ ಎದುರಿಗೆ ನಿಂತಳು.

"ಇನ್ನ ಎಷ್ಟು ವರ್ಷರೀ ಹಿಂಗ?"

ಅಪ್ಪ ತುತ್ತು ನುಂಗಿ, ನೀರು ಕುಡಿದು ಹೇಳಿದ:

"ಬರೂ ಪಂಚಮಿಗಿ ಇಲ್ಲೇ ನಮ್ಮೂರಾಗ ಸೊಲ್ಲಾಪುರದ ಪೈಲ್ವಾನನ ಸಂಗಾಟ ನಂದು ಜೋಡ ಹಿಡದಾರ. ಅದೊಂದು ಹೊಡದ್ರ ಬಿಡ್ತೀನಿ ಅಂದಾರ ದೇಶಮುಖರು. ಕ್ವಾಟಿ ಕೆಳಗ ನಂದೇ ಒಂದು ತಾಲೀಮು ಹಾಕಿ, ಊರ ಹುಡುಗರಿಗಿ ಕಲಿಸಿಕೋತ ಮನ್ಯಾಗೇ ಇರ್ತೀನಿ."

ಮನೆಯಲ್ಲೇ ಇರುತ್ತೇನೆ! ಆ ಮಾತು ಕೇಳಿದ ದಿನದಿಂದ ನಮ್ಮ ಮನೆಯ ಚಹರೆಯೇ ಬದಲಾಯಿತು. ಅವ್ವ ಅಪ್ಪನಿಗೆಂದು ಕೌದಿ ಹೊಲಿಯಲು ಕೂತಳು. ಮನೆಯಲ್ಲಿದ್ದ ಯಾವ ಕೌದಿಯೂ ಅವನ ಉದ್ದಕ್ಕೆ ಆಗುತ್ತಿರಲಿಲ್ಲ, ಅಲ್ಲಿಯವರೆಗೆ ಆಗಬೇಕಾದ ಕಾರಣವೂ ಇರಲಿಲ್ಲ. ಹಳೆಯ ಸೀರೆ, ನನಗೆ ಗಿಡ್ಡಾದ ಪರಕಾರ, ಆಯಿಯ ಹರಿದ ಕುಪ್ಪಸ ಎಲ್ಲ ತುಂಡಾಗಿ ಅದರಲ್ಲಿ ಸೇರಿದವು. ನಾನೂ ಒಂದು ಮೂಲೆ ಹೊಲಿದೆ. ಹೊಲಿಗೆ ಸೊಟ್ಟಗಾದರೆ ಅವ್ವ ಬೈಯದೆ ಬಿಚ್ಚಿ ಮತ್ತೆ ಕೈಗೆ ಕೊಡುತ್ತಿದ್ದಳು. ಪಡಸಾಲೆಯಲ್ಲಿ ಒಟ್ಟಿದ್ದ ಜೋಳದ ಚೀಲಗಳನ್ನು ಒಳಗೆ ಸರಿಸಿ, ನೆಲ ಸಾರಿಸಿ, ಇಲ್ಲಿ ಅಪ್ಪ ಮಲಗುತ್ತಾನೆ ಎಂದು ಜಾಗ ಮಾಡಿದೆವು. ಅವನ ತಲೆ ಯಾವ ಕಡೆ, ಕಾಲು ಯಾವ ಕಡೆ ಎಂದು ಆಯಿಗೂ ಅವ್ವನಿಗೂ ಅರ್ಧ ದಿನ ವಾದ ನಡೆಯಿತು. ಅದು ನಮ್ಮ ಮನೆಯ ಅತ್ಯಂತ ಸುಖದ ಜಗಳ. ನಾನು ರಾತ್ರಿ ಮಲಗುವಾಗ ಅವನು ಮನೆಯಲ್ಲಿದ್ದರೆ ಏನೇನು ಬೈಯಬಹುದು ಎಂದು ಎಣಿಸುತ್ತಿದ್ದೆ.

ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಜೋಕಾಲಿ, ಅಳ್ಳು, ಶೇಂಗಾದ ಉಂಡಿ, ನಾಗಪ್ಪನಿಗೆ ಹಾಲೆರೆಯುವುದು. ನನ್ನ ಕೈಗೆ ಹಾಲು ಬರುತ್ತಿದ್ದ ದಿನ ವರ್ಷದಲ್ಲಿ ಅದೊಂದೇ, ಅದೂ ಹಾವಿನ ಪಾಲಿಗೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರು ಹಿಡಿದು ಕಲ್ಲಿಗೆ ಹಾಲು ಬಿಡಬೇಕು. ಆ ಸಲ ನಾನು ಬಟ್ಟಲಿನ ಹಾಲನ್ನೆಲ್ಲ ಅಪ್ಪನ ಪಾಲಿಗೇ ಸುರಿದೆ. ಹಿಂದೆ ನಿಂತ ಹುಡುಗಿಯರು ನಕ್ಕರು. ಅವರ ಅಪ್ಪಂದಿರು ಮನೆಯಲ್ಲಿ ಉಂಡಿ ತಿನ್ನುತ್ತಿದ್ದರು, ಅವರಿಗೇನು ಗೊತ್ತು.

ಕುಸ್ತಿ ಕೋಟೆಯ ಹತ್ತಿರದ ಬಯಲಿನಲ್ಲಿ, ಮನೆಯಿಂದ ಕೂಗಳತೆ. ಆದರೆ ಹೆಂಗಸರು ಕುಸ್ತಿ ನೋಡುವ ಹಾಗಿರಲಿಲ್ಲ. ನಮಗೆ ಸುದ್ದಿ ತಿಳಿಯುತ್ತಿದ್ದುದು ಹಲಗಿಯಿಂದ. ಗೆದ್ದವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಲಗಿ ಬಾರಿಸುತ್ತಾ ಅವನ ಮನೆಯ ಮುಂದೆ ಹಾಯಿಸುತ್ತಾರೆ. ಸೋತವನ ಓಣಿಗೆ ಹಲಗಿ ಬರುವುದಿಲ್ಲ. ನಾವು ಮೂವರೂ ಪಡಸಾಲೆಯಲ್ಲಿ ಕೂತಿದ್ದೆವು. ಆಯಿ ಹನುಮಂತದೇವರನ್ನು ಕೂಗುತ್ತಿದ್ದಳು. ಅವ್ವ ಕೌದಿಯ ಮೇಲೆ ಕೈಯಾಡಿಸುತ್ತಿದ್ದಳು. ದೂರದಲ್ಲಿ ಜನ ಒಮ್ಮೆಲೇ ಹೋ ಎಂದಿತು. ಆಮೇಲೆ ಏನೂ ಇಲ್ಲ. ಆಮೇಲೆ ಹಲಗಿ ಶುರುವಾಯಿತು. ಸಪ್ಪಳ ಊರ ಅಗಸೆಬಾಗಿಲ ಕಡೆ ಹೊರಳುತ್ತದೋ ನಮ್ಮ ಕಡೆಯೋ ಗೊತ್ತಾಗಲಿಲ್ಲ. ಅವ್ವ ನನ್ನ ಮುಖ ನೋಡಿದಳು, ಏಕೆಂದರೆ ಮನೆಯಲ್ಲಿ ಕಿವಿ ಚುರುಕಾಗಿದ್ದವಳು ನಾನು.

"ನಮ್ಮ ಓಣಿಗೇ ಬರಾಕತ್ತದ ಅವ್ವಾ!"

ಆರತಿ ತಟ್ಟೆ ಹಿಡಿದು ನಾನು ಕಟ್ಟೆಯ ಮೇಲೆ ನಿಂತೆ, ಅವ್ವ ಬಾಗಿಲಲ್ಲಿ. ಓಣಿಯೆಲ್ಲ ತಲೆಗಳು, ಗುಲಾಲು, ಧೂಳು. ನಡುವೆ ಇಬ್ಬರ ಹೆಗಲ ಮೇಲೆ ಅಪ್ಪ, ಮೈಯೆಲ್ಲ ಕೆಂಪು ಮಣ್ಣು, ತಲೆಗೆ ದೇಶಮುಖರ ಹೊಸ ಕೇಸರಿ ರುಮಾಲು. ನಮ್ಮ ಮನೆಯ ಮುಂದೆ ಬಂದಾಗ ಅವನು ನನ್ನನ್ನು ನೋಡಿದ. ಬಾಯಿ ತೆರೆದು ಏನೋ ಕೂಗುತ್ತಿದ್ದ, ಕೆಳಗಿದ್ದವರ ತಲೆಯ ಮೇಲೆ ಹೊಡೆಯುತ್ತಿದ್ದ. ಜೈ ಅನ್ನುತ್ತಿದ್ದಾನೆ ಎಂದುಕೊಂಡು ನಾನೂ ಜೈ ಅಂದೆ. ಗುಂಪು ನಮ್ಮ ಬಾಗಿಲ ಮುಂದೆ ಒಂದು ಸುತ್ತು ಕುಣಿದು ಮುಂದೆ ಹೋಯಿತು. ಆರತಿ ಮಾಡಲಾಗಲಿಲ್ಲ. ಬರುತ್ತಾನೆ, ಮೆರವಣಿಗೆ ಮುಗಿಸಿ ಬರುತ್ತಾನೆ ಎಂದು ಆಯಿ ನೀರು ಕಾಯಿಸಲು ಇಟ್ಟಳು. ಸಂಜೆಯಾದರೂ ಅವನು ಬರಲಿಲ್ಲ, ಖಾಸಿಂ ಕಾಕಾ ಬಂದ. ಕಟ್ಟೆಯ ಮೇಲೆ ಕೂತು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ದೇಶಮುಖ ಸಾಹುಕಾರ್‍ರು ತಮ್ಮ ಮೋಟಾರಿನ್ಯಾಗ ಕುಂಡ್ರಿಸಿಕೊಂಡು ಹೋದ್ರು ಬೇಟಿ. ಮುಂದಿನ ಜೋಡ ಹೈದರಾಬಾದಿನ್ಯಾಗಂತ."

"ಬಿಡ್ತೀನಿ ಅಂದಿದ್ರಲ್ಲ ಕಾಕಾ?" ಅಂದಳು ಅವ್ವ.

"ಸೋತಿದ್ರ ಬಿಡ್ತಿದ್ರೇನೊ. ಗೆದ್ದ ಎತ್ತಿನ ಹಗ್ಗ ಯಾರ ಬಿಚ್ತಾರವ್ವ?"

ಅವ್ವ ಅಳಲಿಲ್ಲ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಜೋಳದ ಚೀಲದ ಮೇಲಿಟ್ಟಳು. ಮರುದಿನ ಬೆಳಗ್ಗೆ ಎಮ್ಮೆ ಹಿಂಡಿ ಬಂದವಳು ಹಾಲು ಕಾಯಿಸಿ, ದೊಡ್ಡ ಕಂಚಿನ ಬಟ್ಟಲಿಗೆ ಸುರಿದು, ಬೆಲ್ಲ ಹಾಕಿ ನನ್ನ ಮುಂದೆ ಇಟ್ಟಳು. ಅದು ಅಪ್ಪನ ಬಟ್ಟಲು.

"ಕುಡಿ."

ಆಯಿ ಒಳಗಿನಿಂದ ಓಡಿಬಂದಳು.

"ಏ, ಏನು ಮಾಡಾಕತ್ತಿ? ಪೈಲ್ವಾನನ ಖುರಾಕು ಅದು! ಹೆಣ್ಣು ಹುಡುಗಿಗಿ ಹಾಕ್ತಾರೇನು?"

"ಎಮ್ಮಿ ಹಿಂಡಾಕಿ ನಾನು, ಸಗಣಿ ಬಳಿಯಾಕಿ ನನ್ನ ಮಗಳು. ಕುಡಿ ಕಾಶಿ."

ಕುಡಿದೆ. ಬಾಯಿಗೆ ಕೆನೆ ಬಂತು, ಅದೇನೆಂದು ತಿಳಿಯದೆ ಹೆದರಿದೆ. ಅಭ್ಯಾಸವಿಲ್ಲದ ಹೊಟ್ಟೆ, ಸ್ವಲ್ಪ ಹೊತ್ತಿಗೆ ಎಲ್ಲ ವಾಂತಿಯಾಯಿತು. ನೋಡು, ದಕ್ಕಲಿಲ್ಲ ಎಂದು ಆಯಿ ಗೆದ್ದವಳ ಹಾಗೆ ಹೇಳಿದಳು. ಅವ್ವ ನೆಲ ಬಳಿದು ಮರುದಿನ ಮತ್ತೆ ಅಷ್ಟೇ ಹಾಲು ಕೊಟ್ಟಳು, ಅದರ ಮರುದಿನವೂ. ಆಮೇಲೆ ದಕ್ಕಿತು. ಖಾಸಿಂ ಕಾಕಾ ಸಂತೆಗೆ ಹೊರಟಾಗ ಅವ್ವ ಬಾಗಿಲಿಗೆ ಬರಲಿಲ್ಲ, ತುಪ್ಪದ ಗಡಿಗೆ ಬರಿದೇ ಉಳಿಯಿತು. ನನ್ನ ಕೆನ್ನೆಗಳು ತುಂಬಿದವು. ಓಣಿಯವರು, ಇದೇನು, ಮಾಣಿಕಪ್ಪನ ಮಗಳೂ ಕುಸ್ತಿಗೆ ಇಳಿಯುತ್ತಾಳೇನು ಎಂದು ಚೇಷ್ಟೆ ಮಾಡಿದರು. ನನಗೆ ಹಾಲು ರುಚಿಸುತ್ತಿತ್ತು, ಆದರೆ ಕುಡಿಯುವಾಗೆಲ್ಲ ಬಾಗಿಲ ಕಡೆ ನೋಡುತ್ತಿದ್ದೆ.

ಒಂದು ದಿನ ಮಧ್ಯಾಹ್ನ ಅಪ್ಪ ಬಂದ. ಹಬ್ಬವಿಲ್ಲ, ಅಮಾಸೆಯಿಲ್ಲ, ಸುಮ್ಮನೆ ಒಂದು ದಿನ. ಅಡುಗೆಮನೆಯ ಹೊಸ್ತಿಲವರೆಗೂ ಬಂದು ನಿಂತ. ನಾನು ಒಲೆಯ ಹತ್ತಿರ ರೊಟ್ಟಿ ತಿನ್ನುತ್ತಿದ್ದೆ.

"ತುಪ್ಪ ಯಾಕ ಕಳಿಸಲಿಲ್ಲ?"

"ಇಲ್ಲೇ ಇದ್ದು ತಿನ್ರಿ. ಯಾರು ಬ್ಯಾಡ ಅಂತಾರ?" ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ತಲಿ ಮ್ಯಾಲ ಅವರ ರುಮಾಲು ಅದ. ಮಾತು ಕೊಟ್ಟೀನಿ."

"ನನಗೂ ಕೊಟ್ಟಿದ್ರಿ."

 ಸೊಲ್ಲಾಪುರದ ಪೈಲ್ವಾನನನ್ನು ಕೆಡವಿದವನು ನಮ್ಮ ಹೊಸ್ತಿಲಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.  ಕೂಡ್ರು ಅನ್ನು ಅವ್ವಾ, ಒಂದು ಸಲ ಕೂಡ್ರು ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವ್ವ ಅನ್ನಲಿಲ್ಲ. ಅಪ್ಪ ಕೂಡಲಿಲ್ಲ. ನೀರೂ ಕುಡಿಯದೆ ತಿರುಗಿ ಹೋದ. ಆಯಿ ಹಣೆ ಹಣೆ ಬಡಿದುಕೊಂಡಳು.  ಮರುದಿನ ಅವ್ವ ಹಾಲಿಗೆ ಹೆಪ್ಪು ಹಾಕಿದಳು. ನನಗೆ ಬಟ್ಟಲು ಬರಲಿಲ್ಲ. ಯಾಕೆಂದು ನಾನು ಕೇಳದಿದ್ದರೂ ಅವಳೇ ಹೇಳಿದಳು:

"ಮೈಯಾಗ ಕಸುವಿಲ್ಲದ ಕುಸ್ತಿ ಹಿಡದ್ರ ಎಲುಬು ಮುರಿತಾವ ಕಾಶಿ. ದೂರ ಇದ್ರೂ ಇರಲಿ, ಪೂರಾ ಇರಲಿ."

ಖಾಸಿಂ ಕಾಕಾನ ಗಾಡಿಯಲ್ಲಿ ತುಪ್ಪ ಮತ್ತೆ ಹುಮನಾಬಾದಿಗೆ ಹೋಗತೊಡಗಿತು. ನಾನು ಮಜ್ಜಿಗೆಗೆ ಮರಳಿದೆ. ಆ ದಿನಗಳಲ್ಲೇ ನಾನು ಏನನ್ನೂ ಬಾಯಿಬಿಟ್ಟು ಕೇಳದ ಹೆಂಗಸಾದೆ. ಗಂಡನ ಮನೆಯವರು ಅದನ್ನು ಗುಣ ಎಂದರು. ಗುಣವೇನಲ್ಲ ಅದು, ಕೇಳಿ ಇಲ್ಲ ಅನ್ನಿಸಿಕೊಳ್ಳುವ ಹೆದರಿಕೆ.

ತುಪ್ಪ ತಿಂದರೂ ಎಲುಬು ಮುರಿಯುವುದೇನೂ ತಪ್ಪಲಿಲ್ಲ. ಅದಕ್ಕೆ ಇನ್ನೂ ಕೆಲವು ವರ್ಷ ಹಿಡಿಯಿತು, ಅಷ್ಟೇ. ದೂರದ ಒಂದು ಊರಲ್ಲಿ ಅಪ್ಪನ ಅರ್ಧ ವಯಸ್ಸಿನ ಒಬ್ಬ ಪೈಲ್ವಾನ ಅವನ ಬಲಭುಜ ಕಿತ್ತು ಬರುವ ಹಾಗೆ ತಿರುವಿದ. ಹೋಗುವಾಗ ಮೋಟಾರು, ಬರುವಾಗ ಖಾಸಿಂ ಕಾಕಾನ ಗಾಡಿ. ದೇಶಮುಖರು ರುಮಾಲು ಬಿಚ್ಚಿಸಿಕೊಂಡು ಬಿಟ್ಟುಕೊಟ್ಟಿದ್ದರು. ಅಪ್ಪ ಬಂದಿದ್ದು ನನ್ನನ್ನು ಗಂಡನ ಮನೆಗೆ ಕಳಿಸುವ ತಯಾರಿ ನಡೆದಾಗ. ಮದುವೆ ಹಿಂದಿನ ಬೇಸಿಗೆಯಲ್ಲೇ ಆಗಿತ್ತು. ಆ ದಿನವೂ ಅವನು ಹಗಲು ಬಂದು ಅಕ್ಷತೆ ಹಾಕಿ ಹಗಲೇ ಹೋಗಿದ್ದ. ಗಂಡನ ಊರು ಹುಮನಾಬಾದು. ನನ್ನ ಹಣೆಬರಹ ಬರೆದವನಿಗೆ ಊರುಗಳ ಕೊರತೆ ಇತ್ತೆಂದು ಕಾಣುತ್ತದೆ.

ಕೆಲವು ದಿನ ನಾವು ಒಂದೇ ಮಾಳಿಗೆಯ ಕೆಳಗೆ ಇದ್ದೆವು. ಹೇಗಿದ್ದೆವೆಂದರೆ, ಒಬ್ಬ ಅತಿಥಿ ಬಂದು ಹೋಗಲು ಮರೆತ ಹಾಗೆ. ಅವನು ನಸುಕಿನಲ್ಲೆದ್ದು ಒಂದೇ ಕೈ ಗೋಡೆಗೆ ಆನಿಸಿ ಬೈಠಕ್ ಹೊಡೆಯುತ್ತಿದ್ದ, ಪಾತ್ರೆಗಳು ಅಲುಗುತ್ತಿದ್ದವು. ಆಯಿ ಭುಜಕ್ಕೆ ಎಣ್ಣೆ ತಿಕ್ಕಿ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ತೋಳು ಒತ್ತಿ ನೋಡಲು ಓಣಿಯ ಒಬ್ಬನೂ ಬರಲಿಲ್ಲ. ಅವ್ವನಿಗೆ ಅವನು ಎಷ್ಟು ರೊಟ್ಟಿ ತಿನ್ನುತ್ತಾನೆಂಬ ಅಂದಾಜಿರಲಿಲ್ಲ, ಅವನಿಗೆ ಕೇಳಲು ನಾಚಿಕೆ. ನಾನು ಅವನೆದುರು ಹಾಯುವಾಗ ತಲೆಯ ಮೇಲೆ ಸೆರಗೆಳೆದುಕೊಳ್ಳುತ್ತಿದ್ದೆ. ಸ್ವಂತ ಅಪ್ಪನ ಮುಂದೆ ಯಾರು ಹಾಗೆ ಮಾಡುತ್ತಾರೆ?

ನಾನು ಹೊರಡುವ ಹಿಂದಿನ ಮಧ್ಯಾಹ್ನ, ಅವ್ವ ಮತ್ತು ಆಯಿ ಬುತ್ತಿಯ ಹೋಳಿಗೆ ಮಾಡುವುದರಲ್ಲಿದ್ದರು. ಪಡಸಾಲೆಯಿಂದ ಅಪ್ಪ ಕರೆದ.

"ಕಾಶಿ, ಇಲ್ಲಿ ಬಾ. ಕುಂಡ್ರು."

ನೀರು ಬೇಕೇನೋ ಎಂದು ತಂಬಿಗೆ ಹಿಡಿದು ಹೋಗಿದ್ದೆ. ತಂಬಿಗೆ ಸಮೇತ ಕೂತೆ. ಅವನು ನೆಲ ನೋಡುತ್ತ ಹೇಳತೊಡಗಿದ.

"ಆ ಪಂಚಮಿ ದಿನ ನೀ ಕಟ್ಟಿ ಮ್ಯಾಲ ಆರತಿ ಹಿಡದು ನಿಂತಿದ್ದಿ."

"ಹೌದ್ರಿ."

"ಇಳಸ್ರೋ, ನಮ್ಮನಿ ಬಂತು, ಇಳಸ್ರೋ ಅಂತ ಒದರಿದೆ ನಾ. ಹಲಗಿ ಸಪ್ಪಳದಾಗ ಒಬ್ಬರಿಗೂ ಕೇಳಲಿಲ್ಲ. ಅವರ ತಲಿ ಮ್ಯಾಲ ಬಡದೆ. ಖುಷೀಲೆ ಬಡಿಯಾಕತ್ತಾನ ಅಂತ ತಿಳಕೊಂಡು ಅವರು ಮತ್ತಷ್ಟು ಕುಣದ್ರು."

 ನಿಜವಾಗಿ ಹಾಗೇ ಆಗಿತ್ತೋ, ಹೊರಟುನಿಂತ ಮಗಳ ಸಮಾಧಾನಕ್ಕೆ ಕಟ್ಟಿದ ಮಾತೋ, ನಾನು ಕೇಳಲಿಲ್ಲ. ನಂಬಿದೆ. ಒಳಗಿನಿಂದ ಅವ್ವ ಕರೆದರೂ ಏಳಲಿಲ್ಲ. ಹೊತ್ತು ಮುಳುಗುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು.

ಬೆಳಗ್ಗೆ ಖಾಸಿಂ ಕಾಕಾ ಗಾಡಿ ಕಟ್ಟಿದ. ನಾನು ಹುಮನಾಬಾದಿಗೆ ಹೋದೆ. ಅಪ್ಪ ಮನೆಯಲ್ಲಿ ಉಳಿದ.